ಅಳಿಸಬೇಡಿ ಎಂದ ಕರಿಹಲಗೆ

ನನ್ನ ದಿನಚರಿಯಲ್ಲಿ ೧೯೬೮ರ ಆಗಸ್ಟ್ ಮೂರು, ಶನಿವಾರ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಹೊಳೆ ಉಕ್ಕಿ ನಮ್ಮ ಕಾಲೇಜಿನೊಳಗೆ ಬಂದ ದಿನ. ಗಣಿತದ ತರಗತಿಯಲ್ಲಿ ಮುಕ್ಕಾಲಿಯ ಮೇಲೆ ಕರಿಹಲಗೆ ನಿಂತಿತ್ತು. ಜವಾನರ ಕೋಳಿ ಆರು ಮರಿಗಳೊಂದಿಗೆ ಮೇಜು ಹತ್ತಿತ್ತು. ನೀರು ಮೇಜನ್ನೂ ಮುಟ್ಟಿತು.

“ಹಲಗೆಯವರೇ, ಸ್ವಲ್ಪ ಇಳಿದು ನೀರಿನ ಮೇಲೆ ಮಲಗಿ. ಮರಿಗಳಿಗೆ ಈಜು ಬಾರದು,” ಎಂದಿತು ಕೋಳಿ.

“ಆಗದು ಕೋಳಿಯಮ್ಮ. ನನ್ನ ಮೇಲೆ ಸೋಮವಾರದ ಪ್ರಮೇಯವಿದೆ. ‘ಅಳಿಸಬೇಡಿ’ ಎಂದು ಮೇಷ್ಟ್ರು ಮೂಲೆಯಲ್ಲಿ ಬರೆದಿದ್ದಾರೆ, ಓದಿಕೊಳ್ಳಿ.”

“ನನಗೆ ಓದು ಬಾರದು. ಈ ನೀರಿಗೂ ಬಂದ ಹಾಗಿಲ್ಲ. ನಿಮ್ಮ ಕೊನೆಯ ಎರಡು ಸಾಲು ಆಗಲೇ ಹೋಗಿವೆ.”

ಹಲಗೆ ಬಗ್ಗಿ ನೋಡಿಕೊಂಡಿತು. “ಹಾಗಾದರೆ ಉಳಿದದ್ದನ್ನು ಮರಿಗಳೇ ತುಳಿಯಲಿ,” ಎಂದು ಇಳಿದು ಅಂಗಾತ ಮಲಗಿತು. “ಆ ಮೂಲೆಯೊಂದನ್ನು ಬಿಟ್ಟು ಕೂರಿ.”

ಮರಿಗಳು ಮೊದಲು ಕೂತದ್ದೇ ಆ ಮೂಲೆಯಲ್ಲಿ.

ಸಂಜೆಗೆ ಏಳೂ ಜೀವಗಳು ಹಲಗೆಯ ಮೇಲೆ ತೇಲುತ್ತಾ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಯ ಮೆಟ್ಟಿಲಿಗೆ ಬಂದು ಇಳಿದವು. ಒಟ್ಟು ನಷ್ಟ ಒಂದು ಪ್ರಮೇಯ. ನೀರಿಳಿದ ಮೇಲೆ ಮೇಷ್ಟ್ರು ಅದನ್ನು ಇಪ್ಪತ್ತು ನಿಮಿಷದಲ್ಲಿ ಮತ್ತೆ ಬರೆದರು.