ಐದು ನಿಮಿಷದ ಓನರ್

ಮಲ್ಪೆಯ ಕಡಲ ಬದಿಯ ಅಪಾರ್ಟ್‌ಮೆಂಟಿನಲ್ಲಿ ಸಾಲ್ಯಾನರದ್ದೊಂದು ಫ್ಲ್ಯಾಟ್ ಇತ್ತು. ಅವರಿದ್ದದ್ದು ಮಸ್ಕತ್ತಿನಲ್ಲಿ. ಪ್ರವಾಸಿಗರಿಗೆ ಅದನ್ನು ದಿನದ ಬಾಡಿಗೆಗೆ ಕೊಡುತ್ತಿದ್ದರು. ಬಂದವರಿಗೆ ಬೀಗದ ಕೈ ಕೊಡುವುದು, ಹೋದ ಮೇಲೆ ಗುಡಿಸಿ ಒರೆಸುವುದು ವಾರಿಜಕ್ಕನ ಕೆಲಸ.

ಒಂದು ಭಾನುವಾರ, ಹನ್ನೊಂದಕ್ಕೆ ಹೊರಡಬೇಕಿದ್ದ ನಿವೃತ್ತ ಅಧಿಕಾರಿ ರುದ್ರಮುನಿಯವರು ಸೋಫಾ ಬಿಟ್ಟು ಏಳಲೇ ಇಲ್ಲ. ಮುಂದಿನ ಬಾಡಿಗೆಯ ಕುಟುಂಬ ಆಗಲೇ ಉಡುಪಿ ದಾಟಿತ್ತು. ಅವರಿಗೆ ಮನೆ ಸಿಗದಿದ್ದರೆ ವಾರಿಜಕ್ಕನ ಕೆಲಸ ಹೋಗುತ್ತಿತ್ತು.

“ಸಾಲ್ಯಾನ್ ನನಗೆ ತಮ್ಮ ಇದ್ದ ಹಾಗೆ. ಅವನಿಲ್ಲದಾಗ ಇಲ್ಲಿ ನಾನೇ ಓನರ್ ಅಂತ ತಿಳ್ಕೊ. ಇನ್ನೆರಡು ದಿನ ಇರ್ತೀನಿ. ಹೋಗು, ಕಾಫಿ ಮಾಡು” ಎಂದರು ರುದ್ರಮುನಿಯವರು.

ವಾರಿಜಕ್ಕ ಕೈಮುಗಿದಳು.

“ಒಳ್ಳೇದಾಯ್ತು ಸಾರ್! ಇವತ್ತು ಕೆಳಗೆ ಓನರುಗಳ ಮೀಟಿಂಗ್ ಉಂಟು. ಮೂರು ವರ್ಷದಿಂದ ನಮ್ಮ ಕುರ್ಚಿ ಖಾಲಿ. ನಮ್ಮ ಬಚ್ಚಲಿನ ನೀರು ಕೆಳಗಿನ ಮನೆ ಮಾಸ್ಟ್ರ ದೇವರಕೋಣೆಗೆ ಸೋರ್ತದೆ. ಓನರ್ ಒಮ್ಮೆ ಕೈಗೆ ಸಿಗಲಿ ಅಂತ ಅವರು ಕಾಯ್ತಾ ಇದ್ದಾರೆ. ನೀವು ಬಂದಿದ್ದೀರಿ ಅಂತ ಈಗಲೇ ಹೇಳಿ ಬರ್ತೇನೆ.”

ಅಷ್ಟರಲ್ಲಿ ಕೆಳಗಿನಿಂದ ಯಾರೋ ಗುಡುಗಿದ್ದು ಕಿಟಕಿಯವರೆಗೂ ಕೇಳಿಸಿತು.

“ಅದ್ಯಾರು?”

“ಅವರೇ ಮಾಸ್ಟ್ರು. ಡ್ರಿಲ್ ಮಾಸ್ಟ್ರಾಗಿದ್ದವರು. ಸಣ್ಣ ಪ್ರಾಯದಲ್ಲಿ ಕುಸ್ತಿಯೂ ಆಡ್ತಿದ್ದರಂತೆ.”

ರುದ್ರಮುನಿಯವರು ಎದ್ದು ನಿಂತರು. ಒಣಗಲು ಹಾಕಿದ್ದ ಟವೆಲನ್ನು ತಾವೇ ಎಳೆದುಕೊಂಡರು.

“ತಾಯೀ, ನಾನು ಬರೀ ಬಾಡಿಗೆಯವನು!”

“ಹಾಗಾದರೆ ಬ್ಯಾಗ್ ಕೊಡಿ ಸಾರ್. ರಿಕ್ಷಾದವರೆಗೆ ನಾನೇ ತರ್ತೇನೆ” ಎಂದಳು ವಾರಿಜಕ್ಕ.