ಹೊರೆಗಲ್ಲಿನ ರಾಣಿ

"ಗುರುಗಳೇ, ನಾನು ಸತ್ತ ಮೇಲೂ ನನ್ನ ಹೆಸರು ಉಳೀಬೇಕು ಅಂದ್ರೆ ಏನು ಮಾಡ್ಬೇಕು?"

ಕೇಳಿದ್ದು ಮರುಳಪ್ಪ ಅನ್ನೋ ಶಿಷ್ಯ. ಮಠಕ್ಕೆ ಅಕ್ಕಿ ಮೂಟೆ ಹೊತ್ಕೊಂಡು ಗುರುಗಳ ಜೊತೆ ಹೊರಟಿದ್ದ. ದಾರೀಲಿ ಹೊರೆಗಲ್ಲು ಸಿಕ್ಕಿತು. ಸ್ವಲ್ಪ ಮೊಣಕಾಲು ಬಗ್ಗಿಸಿ ಮೂಟೇನ ಅದರ ಮೇಲೆ ಜಾರಿಸಿ, ಉಸ್ಸಪ್ಪಾ ಅಂತ ಕೆಳಗೆ ಕೂತಿದ್ದ.

"ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ, ಆಗಲೇ ಸಾಯೋ ಯೋಚನೆ ನೋಡು," ಅಂತ ಗುರುಗಳು ನಕ್ಕರು. ಪಕ್ಕದಲ್ಲೇ ಕೂತು ಕತೆ ತೆಗೆದರು.

ಒಬ್ಬ ರಾಣಿ ಇದ್ದಳು. ಒಂದ್ಸಲ ಪಲ್ಲಕ್ಕೀಲಿ ಹೋಗ್ತಾ ಒಬ್ಬ ಬಸುರಿ ಹೆಂಗಸನ್ನ ಕಂಡಳು. ತಲೆ ಮೇಲೆ ಸೌದೆ ಹೊರೆ. ನಿಂತಲ್ಲೇ ತೂಗಾಡ್ತಿದ್ದಳು. ಕೆಳಗಿಟ್ಟರೆ ಮತ್ತೆ ಎತ್ತಿಕೊಡೋರು ಇಲ್ಲ, ಅದಕ್ಕೇ ಇಳಿಸಿರಲಿಲ್ಲ. ರಾಣಿ ತಾನೇ ಇಳಿದು ಬಂದು ಹೊರೆ ಇಳಿಸೋಕೆ ಕೈ ಜೋಡಿಸಿದಳು. ಅರಮನೆಗೆ ಹೋದವಳೇ ದಾರಿ ದಾರಿಗೂ ಕಲ್ಲು ನಿಲ್ಲಿಸಿದಳು, ಹೆಂಗಸಿನ ತಲೆಯೆತ್ತರಕ್ಕೆ. ಹೊರೇನ ಅದರ ಮೇಲೆ ಜಾರಿಸು, ಸುಧಾರಿಸ್ಕೋ, ಮತ್ತೆ ತಲೆಗೆ ಜಾರಿಸ್ಕೊಂಡು ಹೋಗು. ಯಾರ ಹಂಗೂ ಬೇಡ.

ರಾಣಿಗೆ ವಯಸ್ಸಾಯ್ತು. ಮಕ್ಕಳಿರಲಿಲ್ಲ. ನಾನು ಹೋದ ಮೇಲೆ ನನ್ನ ಯಾರು ನೆನೀತಾರೆ ಅನ್ನೋ ಚಿಂತೆ ಹತ್ತಿತು. "ಅದಕ್ಕೇನು ತಾಯಿ, ಕಲ್ಲಿದೆ, ಉಳಿ ಇದೆ," ಅಂದ ಮಂತ್ರಿ. ಊರಬಾಗಿಲ ಹತ್ತಿರದ ಕಲ್ಲಿನ ಮೇಲೆ ಅವಳ ಹೆಸರು ಕೆತ್ತಿಸಿಯೇಬಿಟ್ಟ. ಅದರ ಮುಂದಿನ ಕಲ್ಲಿನ ಹತ್ತಿರ ಕಲ್ಲುಕುಟಿಗ ಉಳಿ ಹಿಡ್ಕೊಂಡು ಅಪ್ಪಣೆ ಕಾಯ್ತಾ ಕೂತ.

ಹೆಸರು ನೋಡಿ ಜನ ಏನಂತಾರೆ? ರಾಣಿಗೆ ಕೇಳೋ ಆಸೆ. ಗುರುತು ಸಿಗಬಾರದು ಅಂತ ಹಳೇ ಸೀರೆ ಉಟ್ಟು, ಒಂದು ಹುಲ್ಲಿನ ಹೊರೇನೂ ತಲೆಗೇರಿಸ್ಕೊಂಡಳು. ಹುಲ್ಲು ತಾನೇ ಅಂದ್ಕೊಂಡಿದ್ದಳು. ಊರಬಾಗಿಲು ತಲುಪೋ ಹೊತ್ತಿಗೆ ಕುತ್ತಿಗೆ ಹೆಗಲೊಳಗೆ ಇಳಿದಂಗಾಗಿತ್ತು.

ಕಲ್ಲಿಗೆ ಅರಿಶಿನ, ಕುಂಕುಮ, ಹೂವಿನ ಹಾರ. ಮುಂದೆ ಒಬ್ಬ ಪೂಜಾರಿ. ರಾಣಿ ಹೊರೆ ಜಾರಿಸೋಕೆ ಹೋದಳು.

"ಏಯ್ ಮುದುಕಿ, ಕಣ್ಣು ಕಾಣ್ಸಲ್ವಾ? ಇದು ಮಹಾರಾಣಮ್ಮನ ಕಲ್ಲು. ಹೊರೆಗಿರೆ ಇಡಂಗಿಲ್ಲ!"

"ಹೊರೆ ಇಡೋಕೇ ಅಲ್ವೇನಪ್ಪಾ ಅವಳು ನಿಲ್ಲಿಸಿದ್ದು?"

"ಅದು ಹೆಸರು ಕೆತ್ತೋಕೆ ಮುಂಚೆ. ಅಕ್ಷರ ಬಿದ್ದ ಮೇಲೆ ದೇವರು. ರಾಣಮ್ಮನ ಮನಸ್ಸು ನಿನಗೇನು ಗೊತ್ತು, ನಡಿ ನಡಿ."

ರಾಣಿಗೆ ನಗು ಬಂತು, ಅಳುನೂ ಬಂತು. ತಲೆ ಚಚ್ಕೊಳ್ಳೋಣ ಅಂದ್ರೆ ತಲೆ ಮೇಲೆ ಹೊರೆ. ಅವತ್ತು ಕಂಡ ಬಸುರಿಯ ಹಂಗೇ ತಾನೂ ತೂಗಾಡ್ತಾ ಮುಂದಿನ ಕಲ್ಲಿನವರೆಗೆ ನಡೆದಳು. ಅದು ಬರೀ ಕಲ್ಲು. ಹೊರೆ ಜಾರಿಸಿದಳು. ಕುತ್ತಿಗೆ ಹಗುರಾಯ್ತು.

"ಇದನ್ನ ನಿಲ್ಲಿಸಿದವಳ ಹೊಟ್ಟೆ ತಣ್ಣಗಿರಲಿ," ಅನ್ನೋ ಮಾತು ತಾನಾಗೇ ಅವಳ ಬಾಯಿಂದ ಬಂತು.

ಅಂದವಳು ಯಾರು, ಅನ್ನಿಸಿಕೊಂಡವಳು ಯಾರು ಅಂತ ಹೊಳೆದದ್ದು ಆಮೇಲೆ. ಕಲ್ಲಿಗೊರಗಿ ತುಂಬಾ ಹೊತ್ತು ನಕ್ಕಳು. ಪಕ್ಕದಲ್ಲಿದ್ದ ಕಲ್ಲುಕುಟಿಗ ಗುರುತು ಹಿಡಿದು, ಗಾಬರಿಯಾಗಿ ಎದ್ದು ನಿಂತ.

"ಇಲ್ಲೇನೂ ಕೆತ್ತಬೇಡಪ್ಪಾ," ಅಂದಳು. "ಹೋಗಿ ಅಲ್ಲಿರೋದನ್ನೂ ಅಳಿಸಿ ಬಾ. ಪಾಪ, ಹೊತ್ತುಕೊಂಡು ಬರ್ತಾರೆ."

ಕತೆ ಮುಗೀತು. ಮರುಳಪ್ಪ ಸುಮ್ಮನಿರೋ ಆಸಾಮಿನಾ?

"ಅದೆಲ್ಲ ಸರಿ ಗುರುಗಳೇ, ಆ ರಾಣಿ ಹೆಸರೇನು?"

ಗುರುಗಳು ಒಂದಕ್ಷರಾನೂ ಇಲ್ಲದ ಆ ಕಲ್ಲಿನ ಮೇಲೆ ಕೂತಿದ್ದ ಅಕ್ಕಿ ಮೂಟೆ ಕಡೆ ನೋಡಿದರು.

"ನಿನ್ನ ಮೂಟೆ ಇಳಿಸಿಕೊಂಡಳಲ್ಲಪ್ಪಾ, ಆಗಲೇ ಕೇಳಬೇಕಿತ್ತು."