ಬಂಡೆಗಳಿಗೆ ಚಿರತೆಯ ಮಚ್ಚೆ ಬಂದದ್ದು

ಲೋಕ ಆಗಿನ್ನೂ ಹೊಸದು. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಬೆಟ್ಟದ ಬಂಡೆಗಳೋ, ಆಗ ತಾನೇ ಆವಿಗೆಯಿಂದ ತೆಗೆದ ಮಡಕೆಗಳ ಹಾಗೆ ನುಣ್ಣಗೆ, ಬೋಳಾಗಿ ಇದ್ದವು. ಅವುಗಳ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಅಂಥ ಬಂಡೆಗಳ ಬೆಟ್ಟದ ಬುಡದಲ್ಲಿ ಒಂದು ಹಟ್ಟಿ. ಹಟ್ಟಿಗೆ ಹಿರಿಯಳು ಮಾಳವ್ವ. ಅವಳ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಆಡುಗಳು, ಇಷ್ಟೇ ಆ ಹಟ್ಟಿ.

ಬೆಟ್ಟದ ಮೇಲೆ ಒಂದು ಚಿರತೆ ಇತ್ತು.

ಹೊತ್ತು ಇಳಿಯುತ್ತಿದ್ದ ಹಾಗೆ ಮಾಳವ್ವ ಹಟ್ಟಿಯ ಮುಂದೆ ನಿಂತು ಕೂಗುತ್ತಿದ್ದಳು: "ಬರ್ರೆಪ್ಪಾ, ಬರ್ರಿ! ಹೊತ್ತು ಮುಳುಗ್ತು, ಚಿರತಿ ಇಳಿತೈತಿ!"

ಹೊಲದಲ್ಲಿದ್ದವರು ಓಡಿ ಬರುತ್ತಿದ್ದರು. ಹಳ್ಳದಲ್ಲಿದ್ದವರು ಓಡಿ ಬರುತ್ತಿದ್ದರು. ಆಡುಗಳೂ ಓಡಿ ಬರುತ್ತಿದ್ದವು. ಎಲ್ಲರಿಗೂ ಒಂದೇ ಮುಳ್ಳುಬೇಲಿ, ಒಂದೇ ಬೆಂಕಿ, ಒಂದೇ ಗಡಿಗೆಯ ಅಂಬಲಿ. "ಎಲ್ಲಾರೂ ಬಂದ್ರೇನು?" ಎಂದು ಕೇಳಿ, ಒಬ್ಬೊಬ್ಬರ ತಲೆ ಮುಟ್ಟಿ ನೋಡಿ, ಆಮೇಲೆಯೇ ಮಾಳವ್ವ ಬೇಲಿಯ ಬಾಯಿಗೆ ಮುಳ್ಳು ಎಳೆಯುತ್ತಿದ್ದಳು.

ಇಷ್ಟಾದರೂ ಚಿರತೆ ಒಮ್ಮೊಮ್ಮೆ ಬೇಲಿ ಹಾರುತ್ತಿತ್ತು. ಮಾಳವ್ವ ತಾನೇ ಹಾಲೂಡಿಸಿ ಸಾಕಿದ ಬೆಳ್ಳಕ್ಕಿ ಎಂಬ ಬಿಳಿ ಆಡನ್ನು ಅದು ಹೊತ್ತೊಯ್ದಿತ್ತು. ಅಂದಿನಿಂದ ಅವಳು ಬೆಟ್ಟ ಕಂಡಾಗಲೆಲ್ಲ ನೆಲಕ್ಕೆ ಉಗಿದು, "ನಿನ್ನ ಹೆಣ ಬೀಳ್ಲಿ!" ಎನ್ನುತ್ತಿದ್ದಳು.

ಒಂದು ದಿನ ಹದ್ದು ಹಾರಿ ಬಂದು ಹೇಳಿತು: "ಮಾಳವ್ವಾ, ನಿನ್ನ ಮಾತು ಹತ್ತಿತು ನೋಡು! ಚಿರತೆ ಮುಳ್ಳುಹಂದಿಯ ಮೇಲೆ ಬಿತ್ತಂತೆ. ಮುಳ್ಳು ಗಂಟಲಲ್ಲಿ ಸಿಕ್ಕಿ, ದೊಡ್ಡ ಬಂಡೆಯ ಮೇಲೆ ಸತ್ತು ಮಲಗಿದೆ."

"ಪೀಡೆ ತೊಲಗ್ತು!" ಎಂದು ಹಟ್ಟಿಗೆ ಹಟ್ಟಿಯೇ ಕುಣಿಯಿತು. ಮಾಳವ್ವನೂ ಕುಣಿದಳು. ಅವತ್ತು ಸಂಜೆ ಅವಳು ಕೂಗಲಿಲ್ಲ. ಕೂಗಬೇಕಾದ ಕೆಲಸವೇ ಇರಲಿಲ್ಲವಲ್ಲ!

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಮುಳ್ಳುಬೇಲಿ ಒಲೆಗೆ ಸೌದೆಯಾಯಿತು. ದೊಡ್ಡ ಮಗ ಹಳ್ಳದ ಆಚೆ ಬೆಂಕಿ ಹಾಕಿಕೊಂಡ, ಚಿಕ್ಕವನು ಈಚೆ ಹಾಕಿಕೊಂಡ. ಗಡಿಗೆಗಳು ಬೇರೆಯಾದವು. ಆಡುಗಳು ಎಲ್ಲೆಂದರಲ್ಲಿ ಮಲಗಿದವು. ಯಾರು ಬಂದರು, ಯಾರು ಬರಲಿಲ್ಲ ಎಂದು ಕೇಳುವವರೇ ಇಲ್ಲ.

ಒಂದು ಮುಂಜಾನೆ ನೋಡಿದರೆ ನವಣೆ ಹೊಲದ ತುಂಬ ಕಾಡುಹಂದಿಗಳು! ಮಾಳವ್ವ ಕೋಲು ಬೀಸುತ್ತ ಓಡಿದಳು. "ಇಷ್ಟು ದಿನ ಇಲ್ಲದ ಧೈರ್ಯ ಎಲ್ಲಿಂದ ಬಂತ್ರೋ ನಿಮಗ?"

ಮುದಿ ಹಂದಿ ತೆನೆ ಅಗಿಯುತ್ತಲೇ ಹೇಳಿತು: "ಹೊಲ ಕಾಯೋನು ಸತ್ತನಲ್ಲ, ಅಜ್ಜಿ."

"ನಮ್ಮ ಹೊಲಕ್ಕ ಕಾವಲು ಯಾರಿದ್ದ?"

"ಅವನೇ. ನೀನು ದಿನಾ ಬೈತಿದ್ದೆಯಲ್ಲ, ಅವನು."

ಮಾಳವ್ವನ ಕೋಲು ಗಾಳಿಯಲ್ಲೇ ನಿಂತಿತು.

ಅದೇ ದಿನ ಸಂಜೆ ಮೊಮ್ಮಗಳು ಸಿದ್ದಿ ಕಾಣಲಿಲ್ಲ. ದೊಡ್ಡ ಮಗ, "ತಮ್ಮನ ಗುಡಿಸಲಾಗ ಇರಬೇಕು" ಎಂದ. ತಮ್ಮ, "ಅಣ್ಣನ ಕಡೆ ಇರ್ತಾಳ ಬಿಡು" ಎಂದ. ಅವಳು ಯಾರ ಬಳಿಯೂ ಇರಲಿಲ್ಲ. ಮಾಳವ್ವ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು, "ಸಿದ್ದೀ! ಏ ನನ್ನ ಕೂಸೇ!" ಎಂದು ಕೂಗುತ್ತ ಬೆಟ್ಟ ಹತ್ತಿದಳು.

"ಮೆಲ್ಲಗೆ ಬಾರವ್ವ, ಕೂಸು ಇಲ್ಲಿದೆ" ಎಂದಿತು ಒಂದು ದನಿ. ಅದು ದೊಡ್ಡ ಬಂಡೆಯ ದನಿ. ಬಂಡೆಯ ಸಂದಿನಲ್ಲಿ ಕಾಲು ಸಿಕ್ಕಿಸಿಕೊಂಡು ಸಿದ್ದಿ ಅತ್ತೂ ಅತ್ತೂ ಸೊರಗಿದ್ದಳು.

"ಸತ್ತ ಚಿರತಿ ನೋಡಾಕ ಬಂದಿದ್ದೆ, ಅಜ್ಜಿ. ಎಷ್ಟು ಕೂಗಿದ್ರೂ ಯಾರೂ ಬರ್ಲಿಲ್ಲ."

ಮಾಳವ್ವ ಕಾಲು ಬಿಡಿಸಿದಳು, ನೀರು ಕುಡಿಸಿದಳು, ಮಗುವನ್ನು ಎದೆಗೊತ್ತಿಕೊಂಡು ಕುಳಿತಳು. ಆಗ ಚಿರತೆ ಕಾಣಿಸಿತು. ಬಂಡೆಯ ಮೇಲೆ, ಮಲಗಿದಂತೆಯೇ ಇತ್ತು. ಮೈ ಒಣಗಿತ್ತು, ಮಚ್ಚೆ ಮಾತ್ರ ಮಾಸಿರಲಿಲ್ಲ.

"ನೀವೆಲ್ಲ ಕುಣಿದಿರಿ," ಎಂದಿತು ಬಂಡೆ. "ಅತ್ತವಳು ನಾನೊಬ್ಬಳೇ. ನನ್ನ ಮೇಲೆ ಹುಲ್ಲು ಬೆಳೆಯೋದಿಲ್ಲ, ಹಕ್ಕಿ ಗೂಡು ಕಟ್ಟೋದಿಲ್ಲ. ನನ್ನ ಹತ್ತಿರ ಬಂದು ಮಲಗುತ್ತಿದ್ದವನು ಅವನೊಬ್ಬನೇ."

ಮಾಳವ್ವ ಮಗುವನ್ನು ಎತ್ತಿಕೊಂಡೇ ಎದ್ದು ಚಿರತೆಯ ತಲೆಯ ಬಳಿ ಹೋಗಿ ಕುಳಿತಳು. ಆಮೇಲೆ ಚಿರತೆಗೆ ಹೇಳಿದಳು: "ನನ್ನ ಬೆಳ್ಳಕ್ಕಿನ್ನ ತಿಂದಿ. ಆ ಸಿಟ್ಟು ನಾ ಸಾಯೋತನಕ ಹೋಗೂದಿಲ್ಲ. ಆದ್ರ ನೀ ಇದ್ದಾಗ ನನ್ನ ಮಕ್ಕಳು ಒಂದೇ ಬೆಂಕಿ ಸುತ್ತ ಕೂಡ್ತಿದ್ರು. ನನ್ನ ಹೊಲದಾಗ ತೆನಿ ಉಳಿತಿತ್ತು. ಅದೆಲ್ಲ ನಿನ್ನಿಂದ ಅಂತ ನನಗ ಗೊತ್ತಾಗ್ಲಿಲ್ಲಪ್ಪ. ನಿನ್ನ ಉಪಕಾರ ದೊಡ್ಡದು."

ಹೀಗೆ ಹೇಳಿ, ಬುರುಡೆಯಲ್ಲಿ ಉಳಿದಿದ್ದ ನೀರನ್ನು ಸತ್ತವರ ಬಾಯಿಗೆ ಬಿಡುವ ಹಾಗೆ ಚಿರತೆಯ ಬಾಯಿಗೆ ಬಿಟ್ಟಳು.

ನೀರು ಬಾಯಿಂದ ಕತ್ತಿಗೆ ಇಳಿಯಿತು, ಕತ್ತಿನಿಂದ ಬೆನ್ನಿಗೆ ಹರಿಯಿತು. ಹರಿದಲ್ಲೆಲ್ಲ ಮಚ್ಚೆಗಳು ಕರಗಿ ತೇಲಿ ಬಂಡೆಯ ಮೇಲೆ ಇಳಿದವು.

"ಇವು ನನಗಿರಲಿ?" ಎಂದು ಬಂಡೆ ಕೇಳಿತು.

"ಇಟ್ಕೊ ತಾಯಿ," ಎಂದಳು ಮಾಳವ್ವ.

ಬಂಡೆ ಮಚ್ಚೆಗಳನ್ನು ಮೈಗೆ ಅಂಟಿಸಿಕೊಂಡಿತು. ಪಕ್ಕದ ಬಂಡೆಗಳು, "ನಮಗೂ ಕೊಡು, ನಮಗೂ ಕೊಡು" ಎಂದವು. ಗಾಳಿ ಬಂದು, "ಜಗಳ ಬೇಡ, ನಾನು ಹಂಚುತ್ತೇನೆ" ಎಂದು ಒಂದೊಂದೇ ಎತ್ತಿ ಊರೂರ ಬಂಡೆಗಳಿಗೆ ಹಚ್ಚುತ್ತ ಹೋಯಿತು.

ಮಾಳವ್ವ ಮಗುವನ್ನು ಬೆನ್ನಿಗೆ ಹಾಕಿಕೊಂಡು ಇಳಿದಳು. ಬೆಟ್ಟದ ಬುಡದಲ್ಲಿ ಹಂದಿಗಳು ತಲೆಯೆತ್ತಿ ನೋಡಿದವು. ಸಂಜೆಯ ಬೆಳಕಿನಲ್ಲಿ ಬಂಡೆಯ ತುಂಬ ಮಚ್ಚೆ! "ಎದ್ದನಪ್ಪೋ!" ಎಂದು ಕೂಗಿ ಕಾಡು ಸೇರಿದವು. ಮಾಳವ್ವನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಹಟ್ಟಿಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದಳು: "ಬರ್ರೆಪ್ಪಾ, ಬರ್ರಿ! ಎಲ್ಲಾರೂ ಬರ್ರಿ!"

ಮಕ್ಕಳು ಬಂದರು. ಸಿದ್ದಿಯ ಊದಿದ ಕಾಲು ಕಂಡು ಅಣ್ಣತಮ್ಮಂದಿರು ತಲೆ ತಗ್ಗಿಸಿದರು. ಒಬ್ಬ ಮುಳ್ಳು ಕಡಿದು ತಂದ, ಇನ್ನೊಬ್ಬ ಬೆಂಕಿ ತಂದು ತಾಯಿಯ ಬೆಂಕಿಗೆ ಸೇರಿಸಿದ. ಮಾಳವ್ವ ತನ್ನ ಸೆರಗಿಗೆ ಅಂಟಿಕೊಂಡು ಬಂದಿದ್ದ ಒಂದು ಮಚ್ಚೆಯನ್ನು ಸಾರಿನ ಗಡಿಗೆಗೆ ಹಾಕಿದಳು. ಘಮ್ಮೆಂದಿತು. "ಇದೇನಜ್ಜಿ?" ಎಂದು ಸಿದ್ದಿ ಕೇಳಿದಳು. "ಕಲ್ಲಿನ ಹೂವು," ಎಂದಳು ಮಾಳವ್ವ.

ಈಗ ಬಂಡೆಗಳ ಮೇಲೆ ನೀನು ಕಾಣುವ ಬೂದು, ಹಳದಿ ದುಂಡು ಮಚ್ಚೆಗಳು ಅವೇ, ಮಗು. ಮಳೆ ಬಿದ್ದಾಗ ಅವು ದಳ ಬಿಚ್ಚುತ್ತವೆ, ಮತ್ತು ಅಮ್ಮ ಒಗ್ಗರಣೆಗೆ ಒಂದು ಎಸಳು ಕಲ್ಲುಹೂವು ಹಾಕಿದಾಗ, ಎಲ್ಲೆಲ್ಲೋ ಇದ್ದ ಮನೆಮಂದಿಯೆಲ್ಲ ಯಾರೂ ಕೂಗದಿದ್ದರೂ ಬಂದು ಒಟ್ಟಿಗೆ ಕೂರುತ್ತಾರೆ.